ಬರಿಬಾಣಲೆ ಮುದುಕಪ್ಪ

ಮಾಘ ಶುದ್ಧ ಸಪ್ತಮಿ, ಗುರುವಾರ. ಬಿಸಿಲು ಹದವಾಗಿತ್ತು, ಗಾಳಿ ಇರಲಿಲ್ಲ. ಕೆಂಗಲ್ಲುಕೋಟೆಯ ಪೇಟೆಯಲ್ಲಿ ಡಂಗುರ ಬಿತ್ತು:

"ಕೇಳಿರಯ್ಯಾ ಕೇಳಿ! ಕರಿದ ತಿಂಡಿ ತಿಂದು ತಿಂದು ನಮ್ಮ ಕಾವಲಿನವರು ಕೋಟೆಯ ಮೆಟ್ಟಿಲು ಹತ್ತಲಾರದೆ ಏದುಸಿರು ಬಿಡುತ್ತಿದ್ದಾರೆ. ಆ ತಿಂಡಿಗೆ ತೆರಿಗೆ ಬೇಕೋ ಬೇಡವೋ, ದೊರೆಯ ಮೂರು ಒಗಟು ಬಿಡಿಸಿದವನೇ ತೀರ್ಮಾನಿಸಲಿ. ತಪ್ಪಿದವನಿಗೆ ತಲೆದಂಡ!"

ಮುದುಕಪ್ಪ ಬಜ್ಜಿ ತಿರುವುತ್ತಲೇ ಕೇಳಿದ. ಹೆಸರಿಗೆ ಮುದುಕ, ವಯಸ್ಸು ಇಪ್ಪತ್ತೆರಡು. ತೆರಿಗೆ ಬಿದ್ದರೆ ಅವನ ಒಲೆ ಆರಿದಂತೆಯೇ. ಆ ಒಲೆಯಿಂದಲೇ ಅವನೂ ಅವ್ವನೂ ಉಣ್ಣಬೇಕು.

ಆ ಊರಿನ ಕರಿಯುವವರಲ್ಲಿ ಒಂದು ನಂಬಿಕೆಯಿತ್ತು: ಬಾಣಲೆ ಬರಿದಾದರೆ ಲಕ್ಷ್ಮಿ ಎದ್ದು ಹೋಗುತ್ತಾಳೆ. ಹಾಗಾಗಿ ನಿನ್ನೆಯ ಎಣ್ಣೆಯ ಮೇಲೇ ಇಂದಿನದನ್ನು ಸುರಿಯುತ್ತಿದ್ದರು. ಮುದುಕಪ್ಪನೊಬ್ಬ ಮಾತ್ರ ದಿನವೂ ಸಂಜೆ ಉಳಿದದ್ದನ್ನು ಗಾಲಿಯ ಕೀಲಿಗೆ ಹಚ್ಚಲು ಗಾಡಿಯವರಿಗೆ ಕೊಟ್ಟು, ಬಾಣಲೆ ತಿಕ್ಕಿ ಬೋರಲು ಹಾಕುತ್ತಿದ್ದ. "ಏನೋ ಬರಿಬಾಣಲೆ, ಇವತ್ತೂ ನಿನ್ನ ಲಕ್ಷ್ಮಿ ಗಾಲಿ ಸೇರಿದಳೇನೋ?" ಎಂದು ಪೇಟೆಯವರು ನಗುತ್ತಿದ್ದರು. ಅವನು ತಲೆಯೆತ್ತಿಯೇ ನಡೆಯುತ್ತಿದ್ದ.

ಡಂಗುರ ಕೇಳಿ ಅವನು ಆಸ್ಥಾನಕ್ಕೆ ಹೋದಾಗ ಅಲ್ಲಿಗೆ ಅವನಿಗಿಂತ ಮೊದಲು ಇಬ್ಬರು ಬಂದಿದ್ದರು. ತೆರಿಗೆ ಬೇಕೆನ್ನುವ ಪಂಡಿತ ವಾಮದೇವಯ್ಯ, ಬೇಡವೆನ್ನುವ ಎಣ್ಣೆ ವರ್ತಕ ಗುರುಶಾಂತಪ್ಪ.

"ದಿನವೂ ಹೊಸದು ಬಂದು ಸೇರಿದರೂ ಹಳತಾಗುತ್ತಲೇ ಹೋಗುವುದು ಯಾವುದು?" ಎಂದು ದೊರೆ ಕೇಳಿದ.

"ಸಮುದ್ರ," ಎಂದ ಪಂಡಿತ. ದೊರೆ ಅಲ್ಲವೆಂದು ತಲೆಯಾಡಿಸಿದ. ಭಟರು ಪಂಡಿತನ ರಟ್ಟೆ ಹಿಡಿದರು.

"ಒಂದು ಬೀದಿಯಲ್ಲಿ ಕೊಂಡು, ಇನ್ನೊಂದು ಬೀದಿಯಲ್ಲಿ ಬೆಲೆ ತೆರುವುದು ಯಾವುದಕ್ಕೆ?"

"ಅಳಿಯನಿಗೆ!" ಎಂದ ವರ್ತಕ. ಸಭೆ ನಕ್ಕಿತು, ದೊರೆ ನಗಲಿಲ್ಲ. ವರ್ತಕನನ್ನೂ ಎಳೆದೊಯ್ದರು.

ಮುದುಕಪ್ಪ ಮುಂದೆ ಬಂದು ನಿಂತ.

"ಮೊದಲನೆಯದು ಬರಿದಾಗದ ಬಾಣಲೆಯ ಎಣ್ಣೆ, ಬುದ್ಧಿ. ಮೇಲೆ ಎಷ್ಟು ಹೊಸದು ಸುರಿದರೂ ತಳದ ಕಪ್ಪು ಹೋಗುವುದಿಲ್ಲ. ಎರಡನೆಯದು ನಾನು ಮಾರುವ ಬಜ್ಜಿಯೇ. ಮಿತಿ ಮೀರಿ ತಿಂದವನು ಪೇಟೆಬೀದಿಯಲ್ಲಿ ಕೊಳ್ಳುತ್ತಾನೆ, ವೈದ್ಯರ ಬೀದಿಯಲ್ಲಿ ಬೆಲೆ ತೆರುತ್ತಾನೆ."

"ನಿನ್ನ ಕಸುಬನ್ನು ನೀನೇ ಹಳಿಯುತ್ತೀಯಲ್ಲೋ!"

"ಕಸುಬು ಗೊತ್ತಿದ್ದವನೇ ಹೇಳಬೇಕು, ಬುದ್ಧಿ."

ದೊರೆ ಮುಂದಕ್ಕೆ ಬಾಗಿದ. "ಎತ್ತಿನ ಹೆಗಲ ಮೇಲಿಟ್ಟರೆ ಇರುವೆಯ ಬೆನ್ನು ಮುರಿಯುವ ಭಾರ ಯಾವುದು?"

ಮುದುಕಪ್ಪ ಕಣ್ಣು ಮುಚ್ಚಿದ. ಮಧ್ಯಾಹ್ನ ಮೂಟೆ ಇಳಿಸಿ, ಎರಡು ಬಜ್ಜಿಯಲ್ಲೇ ಊಟ ಮುಗಿಸುವ ಹಮಾಲರು ನೆನಪಾದರು.

"ತೆರಿಗೆ, ಬುದ್ಧಿ. ನೀವು ಅಂಗಡಿಯವನ ಮೇಲೆ ಹೊರಿಸುತ್ತೀರಿ, ಅವನು ಹಮಾಲನ ಮೇಲೆ ಇಳಿಸುತ್ತಾನೆ. ತಿಂಡಿಗೆ ಹಾಕಬೇಡಿ, ಹಳೆಯ ಎಣ್ಣೆಗೆ ಹಾಕಿ. ಸಂಜೆ ಬಾಣಲೆಯಲ್ಲಿ ಉಳಿದದ್ದೆಲ್ಲ ಕೋಟೆಯ ಪಂಜುಗಳಿಗೆ ಬರಲಿ. ಅದೇ ತೆರಿಗೆ."

"ನನ್ನ ಕಾವಲಿನವರ ಹೊಟ್ಟೆ?"

"ಉಳಿದದ್ದು ಹೋಗುತ್ತದೆಂದರೆ ಯಾರೂ ಬಾಣಲೆ ತುಂಬ ಸುರಿಯುವುದಿಲ್ಲ. ಕಡಿಮೆ ಎಣ್ಣೆ, ಕಡಿಮೆ ತಿಂಡಿ. ಕಾವಲು ಮುಗಿಸಿ ಅವರು ಇಳಿದು ಬರುವ ಹೊತ್ತಿಗೆ ಬಾಣಲೆಗಳು ಬೋರಲು ಬಿದ್ದಿರುತ್ತವೆ."

ದೊರೆ ಎದ್ದು ನಿಂತ. ಮೂರೂ ಉತ್ತರ ಸರಿ ಎಂದ. ಏನು ಬೇಕೆಂದು ಕೇಳಿದಾಗ ಮುದುಕಪ್ಪ ಆ ಇಬ್ಬರ ತಲೆ ಉಳಿಸಿ ಎಂದ. ದೊರೆ ಒಪ್ಪಿದ, ಮೇಲಾಗಿ ತೆರಿಗೆ ವಸೂಲಿಯ ಅಧಿಕಾರವನ್ನೂ ಅವನಿಗೇ ಕೊಟ್ಟ.

ಸಂಜೆ ಮನೆಯ ಮುಂದೆ ಗಾಡಿ ನಿಂತಿತು. ಅವ್ವ ಓಡಿ ಬಂದು ಮಗನ ಕುತ್ತಿಗೆ ಮುಟ್ಟಿ ನೋಡಿದಳು. ಆಮೇಲೆ ಗಾಡಿಯಲ್ಲಿದ್ದ ಕೊಡಗಳೊಳಗೆ ಇಣುಕಿ ಮೂಗು ಮುಚ್ಚಿಕೊಂಡಳು.

"ಥೂ, ಇಷ್ಟು ಕರಿ ಎಣ್ಣೆ! ದೊರೆ ಕೊಟ್ಟ ಬಹುಮಾನ ಇದೇನೋ?"

"ಬಹುಮಾನ ಅಲ್ಲವ್ವಾ, ತೆರಿಗೆ. ಕೋಟೆಯ ಪಂಜುಗಳಿಗೆ ಹೊರಟಿದೆ. ಅರಮನೆಯ ಅಡುಗೆಮನೆಯಿಂದ ದೊರೆ ತಾನೇ ಹೊತ್ತು ತಂದು ಗಾಡಿಗಿಟ್ಟ, ಆರು ಕೊಡ."