ತುಕ್ಕು ಹಚ್ಚಿಕೊಂಡ ಉಳಿ

ಬಡಗಿ ಮೌನೇಶಾಚಾರಿಯ ಪೆಟ್ಟಿಗೆಗೆ ಹೊಸದೊಂದು ಉಳಿ ಬಂತು. ಆಯುಧಪೂಜೆಯ ದಿನ ಮಣೆಯ ಮೇಲೆ ಮುಂದಿನ ಸಾಲು ಹಳೆಯ ಸಲಕರಣೆಗಳದ್ದು ಎಂದು ಕೇಳಿದ ಮೇಲೆ ಅದಕ್ಕೆ ತಡೆಯಲಾಗಲಿಲ್ಲ. ಆಚಾರಿಯ ಬುತ್ತಿಯಿಂದ ಸೋರಿದ ಉಪ್ಪಿನಕಾಯಿ ರಸದಲ್ಲಿ ಹೊರಳಾಡಿ ಮೈಯೆಲ್ಲ ತುಕ್ಕು ಹಿಡಿಸಿಕೊಂಡಿತು. ಹಿಡಿಯನ್ನು ಗೋಡೆಗೆ ತಿಕ್ಕಿ ತಿಕ್ಕಿ ಬಣ್ಣಗೆಡಿಸಿಕೊಂಡಿತು.

ಆಮೇಲೆ ಹಳೆಯ ಉಳಿಯ ಪಕ್ಕಕ್ಕೆ ಸರಿದು ಕೇಳಿತು: “ಅಜ್ಜಾ, ಈಗ ನಾನೂ ನಿಮ್ಮಷ್ಟೇ ಹಳಬನಾಗಿ ಕಾಣುತ್ತೇನಲ್ಲವೇ?”

“ನಾಳೆ ಹಬ್ಬ. ಯಜಮಾನರು ಇವತ್ತು ನಮ್ಮನ್ನೆಲ್ಲ ಉಜ್ಜಿ ತೊಳೆಯುತ್ತಾರೆ. ಅದಾದ ಮೇಲೆ ಕೇಳು, ಮಗೂ.”

“ಉಜ್ಜಿದರೆ ನಿಮ್ಮ ವಯಸ್ಸೂ ಹೊರಟುಹೋಗುತ್ತದಲ್ಲ!”



ಸಂಜೆ ಆಚಾರಿ ಬೂದಿ ಹಾಕಿ ಎಲ್ಲವನ್ನೂ ಉಜ್ಜಿದ. ಹೊಸ ಉಳಿಯ ತುಕ್ಕು ಹೋಗಿ, ಅದು ತಿಂದ ಜಾಗದಲ್ಲಿ ಸಣ್ಣ ಸಣ್ಣ ಕುಳಿಗಳು ಕಂಡವು. “ಅಯ್ಯೋ, ಕೆಲಸಕ್ಕೆ ಇಳಿಯೋ ಮೊದಲೇ ಕೆಟ್ಟಿದೆಯಲ್ಲ ಇದು!” ಎಂದು ಅದನ್ನು ಹಿಂದಿನ ಸಾಲಿಗೆ ತಳ್ಳಿದ. ಹಳೆಯ ಉಳಿಗೆ ಎಣ್ಣೆ ಸವರಿ, ಎಲ್ಲಕ್ಕಿಂತ ಮುಂದೆ ಇಟ್ಟ.

ದೀಪದ ಬೆಳಕಿನಲ್ಲಿ ಹೊಸ ಉಳಿ ಅದನ್ನು ಮೊದಲ ಸಲ ಸರಿಯಾಗಿ ನೋಡಿತು. ಅದರ ಮೇಲೆ ತುಕ್ಕಿನ ಒಂದು ಚುಕ್ಕೆಯೂ ಇರಲಿಲ್ಲ. ಹಿಡಿಯಲ್ಲಿ ಆಚಾರಿಯ ಹೆಬ್ಬೆರಳು ಕೂರುವಷ್ಟು ಜಾಗ ಮಾತ್ರ ಸವೆದಿತ್ತು. ಸಾಣೆಗೆ ಸವೆದು ಸವೆದು ಅಲಗು ಬೆರಳುದ್ದವಾಗಿತ್ತು.

“ಅಜ್ಜಾ, ನಿಮ್ಮ ಮಿಕ್ಕ ಅಲಗು ಎಲ್ಲಿ ಹೋಯಿತು?”

“ಈ ಊರಿನ ಬಾಗಿಲುಗಳಿಗೆ,” ಎಂದಿತು ಹಳೆಯ ಉಳಿ.