ಗೇಟಿಗೆ ಬಂದ ಸ್ಕಾಟ್ಲೆಂಡ್

ನಮ್ಮ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಸ್ಕಾಟ್ಲೆಂಡ್ ಇತಿಹಾಸಕ್ಕೆಂದೇ ಒಂದು ಕಪಾಟಿತ್ತು. ಮೇಲೆ ಬೋರ್ಡೂ ಇತ್ತು. ಪುಸ್ತಕ ಮಾತ್ರ ಒಂದೂ ಇರಲಿಲ್ಲ. ಎಲ್ಲವನ್ನೂ ವಿಭಾಗದ ಮುಖ್ಯಸ್ಥ ಹುಲಕೋಟಿ ಸಾಹೇಬರು ಮನೆಗೊಯ್ದು ಶೋಕೇಸಿನಲ್ಲಿ ಜೋಡಿಸಿದ್ದರು. ಓದಲಿಕ್ಕಲ್ಲ, ಬಂದವರಿಗೆ ತೋರಿಸಲಿಕ್ಕೆ! ಪ್ರಬಂಧ ಬರೆಯಲಾಗದ ಎಂ.ಎ. ಹುಡುಗರು ಕುಲಪತಿಗಳಿಗೆ ದೂರು ಕೊಟ್ಟರು.

ಸಾಹೇಬರು ಗ್ರಂಥಾಲಯದ ಅಟೆಂಡರ್ ನೀಲವ್ವನ ಮೇಲೆ ಹರಿಹಾಯ್ದರು. "ಪುಸ್ತಕ ನಾನೇ ಕಳದೀನಿ ಅಂತ ಬರದು ಕೊಡು. ಇಲ್ಲಾಂದ್ರ ನಾಳೆಯಿಂದ ಕೆಲಸಕ್ಕ ಬರಬ್ಯಾಡ!"

ನೀಲವ್ವನಿಗೆ ಮೈಯೆಲ್ಲ ಉರಿಯಿತು. ಅಂದು ಸಂಜೆಯೇ ಕಪಾಟಿನ ಬೋರ್ಡು ಬಿಚ್ಚಿ ಸಾಹೇಬರ ಮನೆಯ ಗೇಟಿಗೆ ಕಟ್ಟಿದಳು. ಹುಡುಗರಿಗೆ ದಾರಿ ಹೇಳಿದಳು.

ಬೆಳಿಗ್ಗೆ ಸಾಹೇಬರು ಬನಿಯನ್ನಿನಲ್ಲಿ ಹಾಲು ತಗೊಳ್ಳಲು ಬಂದರೆ ಜಗಲಿ ತುಂಬ ಹುಡುಗರು.

"ಸರ್, ಕುರ್ಚಿ ಎಲ್ಲಿ ಅದಾವ್ರಿ? ಫ್ಯಾನ್ ಹಚ್ರಿ ಸರ್."

"ಈ ಬೋರ್ಡ್ ಯಾರು ಕಟ್ಟಿದ್ದು?" ಸಾಹೇಬರು ಚೀರಿದರು.

"ನಾನೇ ರೀ," ಎಂದಳು ಗೇಟಿನ ಬಳಿ ನಿಂತಿದ್ದ ನೀಲವ್ವ. "ಪುಸ್ತಕ ಎಲ್ಲಿರ್ತಾವೋ ಬೋರ್ಡ್ ಅಲ್ಲೇ ಇರಬೇಕಲ್ರಿ. ನೀವು ಪುಸ್ತಕ ಹೊತ್ತು ತರ್ರಿ, ಬೋರ್ಡ್ ನಾ ಒಯ್ತೀನಿ. ಅಲ್ಲೀತನಕ ಬಾಗಲಾ ಹಾಕಬ್ಯಾಡ್ರಿ. ಹುಡುಗ್ರು ಓದೋ ಹೊತ್ತು."