ಎಡವಿ ಬಿದ್ದ ಅಣ್ಣ

ಒಂದಾನೊಂದು ಕಾಲದಲ್ಲಿ, ಏಳು ಸಮುದ್ರ ದಾಟಿ ಆಮೇಲೂ ಒಂದಿಷ್ಟು ಮಂಜು ದಾಟಿದ್ರೆ ಸಿಗೋ ಐರ್ಲೆಂಡ್ ಅನ್ನೋ ದೇಶದಲ್ಲಿ, ದೊಡ್ಡ ಕೆರೆ ನಡುವೆ ಒಂದು ಕಲ್ಲಿನ ಕೋಟೆ ಇತ್ತಂತೆ. ಆ ಕೋಟೆಯೋರ ಮನೆತನದ ಹೆಸರು ಓ ಬ್ರಾಡಿನ್. ಓ ಅಂದ್ರೆ ಅವರ ಮಾತಲ್ಲಿ ಮೊಮ್ಮಗ ಅಂತ. ಬ್ರಾಡಿನ್ ಅನ್ನೋ ಮುತ್ತಾತ ಸತ್ತು ಇನ್ನೂರು ವರ್ಷ ಆಗಿದ್ರೂ ಎಲ್ರೂ ಅವನ ಮೊಮ್ಮಕ್ಕಳೇ. ನಿಂಗೆ ನಿಮ್ಮ ತಾತನ ಹೆಸರಿಟ್ಟಿಲ್ವಾ, ಹಂಗೆ.

ಆ ಕೋಟೇಲಿ ನೂಲಾ ಅಂತ ಒಬ್ಳು ಹುಡುಗಿ ಇದ್ಳಂತೆ, ಮಾತು ಕಮ್ಮಿ, ಎಲ್ಲಾ ನೋಡ್ತಾ ಮೂಲೇಲಿ ಕೂರೋಳು. ಅವಳಿಗೊಬ್ಬ ಅಣ್ಣ, ಲೋರ್ಕನ್. ಆ ಕಡೆ ದೊಡ್ಡ ಮನೆಯೋರು ಗಂಡುಮಗೂನ ಏಳು ವರ್ಷಕ್ಕೆ ಬೇರೆ ಮನೆಗೆ ಸಾಕೋಕೆ ಕೊಟ್ಟು, ಹದಿನೇಳಕ್ಕೆ ವಾಪಸ್ ಕರ್ಕೊಳ್ಳೋದು ಪದ್ಧತಿಯಂತೆ. ಲೋರ್ಕನ್ನನ್ನೂ ಹಂಗೇ ಕೊಟ್ರು. ಆಮೇಲೆ ಯುದ್ಧ ಬಂದು ಸಾಕಿದ ಮನೆಯೋರೂ ಹೋದ್ರು, ಇಲ್ಲಿ ಅಪ್ಪ ಅಮ್ಮನೂ ಹೋದ್ರು, ಬೆಳೀತಾ ಮುಖ, ಕೂದಲು ಬದಲಾದ ಅವನ ಗುರುತಿರೋರೇ ಉಳೀಲಿಲ್ಲ.

ಅವನು ಮನೆ ಬಿಟ್ಟು ಹತ್ತು ವರ್ಷ ಆದ್ಮೇಲೆ ನಾನೇ ಲೋರ್ಕನ್ ಅಂತ ಮೂರು ಜನ ಬಂದ್ರಂತೆ. ಒಬ್ಬ ಕರಿಗೂದಲಿನವನು, ಒಬ್ಬ ಕೆಂಗೂದಲಿನವನು, ಒಬ್ಬ ಹೊಂಗೂದಲಿನವನು. ಕಣ್ಣು ಮಂಜಾದ ಅಜ್ಜಿ ಏಳು ತಲೆಮಾರಿನ ಹೆಸರು ಹೇಳಿ ಅಂದ್ಳು, ಮೂವರೂ ಹೇಳಿದ್ರು. ಗಾಳೀಲಿ ದೋಣಿ ಹಾಕಿ ಕೋಟೆ ಸುತ್ತಿ ಬನ್ನಿ ಅಂದ್ಳು, ಮೂವರೂ ಬಂದ್ರು. ಆಗ ನೂಲಾಳ ಚಿಕ್ಕಪ್ಪ ಮುರ್ತಾ ಎದ್ದು, ಅಮ್ಮಾ, ನಮ್ಮ ಮೆಟ್ಟಿಲಿಗೆ ನಮ್ಮೋರ ಕಾಲು ಗೊತ್ತು, ಒಬ್ಬೊಬ್ಬರೇ ಬೋಗುಣಿ ತುಂಬ ಹಾಲು ಹಿಡ್ಕೊಂಡು ಹತ್ತಲಿ, ಎಡವಿದೋನ್ನ ಕೆರೆಗೆ ತಳ್ಳೋಣ ಅಂದನಂತೆ.

ಯಾಕಂದ್ರೆ ಆ ಅರೆಗತ್ತಲೆ ಸುತ್ತುಮೆಟ್ಟಿಲಲ್ಲಿ ಒಂದು ಮಾತ್ರ ಉಳಿದವಕ್ಕಿಂತ ನಾಲ್ಕು ಬೆರಳು ಎತ್ತರ ಇರ್ತಿತ್ತಂತೆ, ಶತ್ರು ನುಗ್ಗಿದ್ರೆ ಎಡವಿ ಬೀಳಲಿ ಅಂತ. ಅದು ಒಂಬತ್ತನೇದು. ಮನೆಯೋರಿಗೆ ಕಾಲಿಗೇ ಗೊತ್ತು.

ನೂಲಾ ಮೆಟ್ಟಿಲ ಪಕ್ಕದ ಗೋಡೆಗೂಡಲ್ಲಿ ಕೂತು ಕಾಲುಗಳನ್ನೇ ನೋಡ್ತಿದ್ಳು. ಕರಿಗೂದಲಿನವನು ಸರಸರ ಬಂದು ಒಂಬತ್ತರಲ್ಲಿ ದಬ್ ಅಂತ ಬಿದ್ದ, ಎದ್ದವನೇ ದೋಣಿ ಕಡೆ ಓಟ ಕಿತ್ತ. ಆಮೇಲೆ ಕೆಂಗೂದಲಿನವನು ಬಂದ, ಏಳನೇದಕ್ಕೆ ಬಂದಾಗ ಸುಮ್ಸುಮ್ನೆ ಕಾಲು ಎತ್ತರಕ್ಕೆ ಎತ್ತಿ ಧೊಪ್ ಅಂತ ಇಟ್ಟು, ಒಂಬತ್ತರಲ್ಲಿ ಅವನೂ ಬಿದ್ದ. ಹಾಲಲ್ಲಿ ಕೂತ್ಕೊಂಡು ಕಲ್ಲು ಸವರಿ, ಇದು ಇಲ್ಲಿರ್ಲಿಲ್ವಲ್ಲ ಅಂದನಂತೆ. ಎಲ್ರೂ ನಕ್ರು. ಮುರ್ತಾ, ಹೌದಪ್ಪಾ, ನಿನ್ನ ನೋಡೋಕೆ ಈಗ ತಾನೇ ಬಂತು ಅಂದ. ಹೊಂಗೂದಲಿನವನು ಒಂದು ತೊಟ್ಟೂ ಚೆಲ್ಲದೆ ಹತ್ತಿಹೋದ. ಆಳುಗಳು ಕೆಂಗೂದಲಿನವನ ಕೈಕಾಲು ಹಿಡಿದು ಕೆರೆ ಕಡೆ ಎತ್ತಿಯೇ ಬಿಟ್ರು.

ನೂಲಾ ಗೂಡಿಂದ ಎದ್ದು ನಿಂತ್ಲು. ಬಿಡಿ ಅವನ್ನ ಅಂದ್ಳು. ಆ ಹುಡುಗಿ ಗಂಟಲು ಅಷ್ಟು ಜೋರಾಗಿ ಯಾರೂ ಕೇಳಿರ್ಲಿಲ್ಲ.

ಅಜ್ಜೀ, ಮೊದಲು ಎತ್ತರದ್ದು ಏಳನೇದು, ಇವನು ಕಾಲು ಎತ್ತಿದ್ದೂ ಅಲ್ಲೇ. ಅಣ್ಣ ಹೋದ ಮಾರನೇ ವರ್ಷ, ಶತ್ರುಗಳಿಗೆ ಗೊತ್ತಾಯ್ತು ಅಂತ ಅಪ್ಪ ಅದನ್ನ ಒಂಬತ್ತಕ್ಕೆ ಹಾಕಿಸಿದ್ರು. ನಾನು ಹಸಿ ಗಾರೆ ಮೇಲೆ ಕೈ ಒತ್ತಿ ಬೈಸ್ಕೊಂಡಿದ್ದೆ ಅಂದ್ಳಂತೆ.

ದೀಪ ತಂದು ನೋಡಿದ್ರೆ, ಒಂಬತ್ತನೇ ಮೆಟ್ಟಿಲ ಬುಡದಲ್ಲಿ ಮಗುವಿನ ಪುಟ್ಟ ಕೈ ಗುರುತು. ಅಜ್ಜಿ ಬೆರಳಲ್ಲಿ ತಡವಿ ನೋಡಿ ಹಂಗೇ ಕೂತುಬಿಟ್ಳು. ಒಂಬತ್ತು ವರ್ಷ ದಿನಾ ಹತ್ತಿ ಇಳಿದು ಎಲ್ರೂ ಮರೆತೇಬಿಟ್ಟಿದ್ರಂತೆ. ಎಂಥ ಕೆಲಸ ಆಗೋಗ್ತಿತ್ತು ನೋಡು, ಮನೆಮಗನ್ನೇ ಮನೆಯೋರೇ ಮುಳುಗಿಸ್ತಿದ್ರು.

ಆಮೇಲೆ ಅಜ್ಜಿ ಹೊಂಗೂದಲಿನವನನ್ನ ಕೇಳಿದ್ಳು, ಅಲ್ಲಪ್ಪಾ, ಲೋರ್ಕನ್ ಹೋದ್ಮೇಲೆ ಹಾಕಿದ ಮೆಟ್ಟಿಲ ವಿಷಯ ನಿಂಗೆ ಯಾರು ಹೇಳಿದ್ರು. ಅವನು ಮುರ್ತಾನ ಮುಖ ನೋಡಿದ. ಎಲ್ರೂ ಮುರ್ತಾನ ಮುಖ ನೋಡಿದ್ರು. ತನ್ನ ಆಳನ್ನ ಗದ್ದುಗೆ ಮೇಲೆ ಕೂರಿಸಿ, ತಾನೇ ಕೋಟೆ ಆಳೋಣ ಅಂತಿದ್ನಂತೆ, ಅಜ್ಜಿ ಹೊಟ್ಟೇಲಿ ಹುಟ್ಟಿದ ಮಗನೇ.

ಅಜ್ಜಿ ಮುರ್ತಾನ್ನ ಕೆರೆಗೆ ತಳ್ಳಿಸಲಿಲ್ಲ. ಇವತ್ತಿಂದ ನೀನು ಬರೀ ಮುರ್ತಾ, ಓ ಬ್ರಾಡಿನ್ ಅಲ್ಲ ಅಂದ್ಳು. ಆ ದೇಶದಲ್ಲಿ ಹೆಸರು ಹೋದೋನಿಗೆ ನೀರು ಕೊಡೋರೂ ಇಲ್ಲ. ಅವನು ಅವಮಾನಕ್ಕೆ ಕಣ್ಣು ಕಾಣದೆ ಇಳೀತಾ, ನಲವತ್ತು ವರ್ಷ ಓಡಾಡಿದ ಮೆಟ್ಟಿಲಲ್ಲೇ ಎಡವಿದನಂತೆ.

ಲೋರ್ಕನ್ ಗದ್ದುಗೆ ಏರಿದ. ಆದ್ರೆ ಸಾಯೋವರೆಗೂ ಏಳನೇದರಲ್ಲಿ ಕಾಲು ಎತ್ತಿಡೋದು ಬಿಡಲಿಲ್ಲ, ಅವನ್ನ ನೋಡಿ ಮಕ್ಕಳೂ ಹಂಗೇ, ಮೊಮ್ಮಕ್ಕಳೂ ಹಂಗೇ. ಯಾಕೆ ಅಂದ್ರೆ, ನಮ್ಮ ತಾತ ಹಂಗೇ ಹತ್ತೋರು ಅಂತಾರಂತೆ. ಅವರು ಕೋಟೇಲಿ ಸುಖವಾಗಿದ್ರು, ನಾವು ಕಂಬಳೀಲಿ ಬೆಚ್ಚಗಿದ್ದೀವಿ, ಕತೆ ಮೆಟ್ಟಿಲಿಳಿದು ಮುಗಿದುಹೋಯ್ತು.